ಹೆಸರು ಒಬ್ಬರದು, ದುಡಿಮೆ ಇಬ್ಬರದು: ಕರ್ನಲ್ ವೀಲನ್ ಮತ್ತು .35 ತೋಟಾ

ಬಂದೂಕುಗಳ ಇತಿಹಾಸದಲ್ಲಿ ಹಲವರ ಹೆಸರು ಕಾರ್ಖಾನೆಗಳ ಫಲಕಗಳ ಮೇಲೆ ಉಳಿದಿದೆ. ಅಮೆರಿಕದ ಸೇನಾಧಿಕಾರಿ ಕರ್ನಲ್ ಟೌನ್‌ಸೆಂಡ್ ವೀಲನ್ ಅವರ ಹೆಸರು ಉಳಿದಿರುವುದು ಎಂಟೂವರೆ ಸೆಂಟಿಮೀಟರ್ ಉದ್ದದ ಒಂದು ಹಿತ್ತಾಳೆ ತೋಟಾದ ಮೇಲೆ. ಸಾಧಾರಣ ವರಮಾನದ ಬೇಟೆಗಾರನೂ ತನ್ನ ಬಳಿಯಿದ್ದ ಹಳೆಯ ಬೋಲ್ಟ್ ರೈಫಲ್ಲನ್ನೇ ದೊಡ್ಡ ಪ್ರಾಣಿಗಳ ಬೇಟೆಗೆ ಒಗ್ಗಿಸಿಕೊಳ್ಳುವಂತೆ ಮಾಡಿದ ತೋಟಾ ಅದು. ಆದರೆ ಅದನ್ನು ರೂಪಿಸಿದವರು ಯಾರು ಎಂಬ ಪ್ರಶ್ನೆ ಒಂದು ಶತಮಾನ ಕಳೆದರೂ ಪೂರ್ಣವಾಗಿ ಬಗೆಹರಿದಿಲ್ಲ.

ವೀಲನ್ ಹುಟ್ಟಿದ್ದು 1877ರ ಮಾರ್ಚ್ 6ರಂದು, ಫಿಲಡೆಲ್ಫಿಯಾ ನಗರದಲ್ಲಿ. ಹದಿಮೂರನೆಯ ಹುಟ್ಟುಹಬ್ಬಕ್ಕೆ ತಂದೆ ಕೊಡಿಸಿದ ರೆಮಿಂಗ್ಟನ್ ರೈಫಲ್ ಹುಡುಗನ ಬದುಕಿನ ದಿಕ್ಕನ್ನೇ ನಿರ್ಧರಿಸಿತು. ಹದಿನೆಂಟರ ಹರೆಯದಲ್ಲಿ ಪೆನ್ಸಿಲ್ವೇನಿಯಾ ರಾಜ್ಯದ ಸ್ವಯಂಸೇವಕ ಪಡೆಯನ್ನು ಸೇರಿದ ಆತ, 1898ರ ಸ್ಪೇನ್-ಅಮೆರಿಕ ಯುದ್ಧದ ಕಾಲದಲ್ಲಿ ಸಮವಸ್ತ್ರದಲ್ಲಿದ್ದರು. 1901ರಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ನಿರ್ಜನ ಅರಣ್ಯಗಳಲ್ಲಿ ಕುದುರೆಯೇರಿ ತಿಂಗಳುಗಟ್ಟಲೆ ಅಲೆದರು. ಸಾಮಾನು ಕಡಿಮೆಯಿರಬೇಕು, ಕೈಯಲ್ಲಿರುವ ಒಂದೇ ರೈಫಲ್ ಎಲ್ಲ ಕೆಲಸಕ್ಕೂ ಒದಗಬೇಕು ಎಂಬ ಪಾಠವನ್ನು ಅವರಿಗೆ ಕಲಿಸಿದ್ದು ಆ ಅಲೆದಾಟವೇ. ಮರಳಿ ಬಂದ ಮೇಲೆ ಸೇನೆಯ ಕಾಯಂ ಅಧಿಕಾರಿಯಾದ ವೀಲನ್, ಗುರಿಗಾರಿಕೆಯ ಸೇನಾ ತಂಡದಲ್ಲಿಯೂ ಹೆಸರು ಮಾಡಿದರು.

ಸೈನ್ಯದ ಕೋವಿ, ಬೇಟೆಗಾರನ ಕೈಗೆ

ವೀಲನ್ ಅವರ ವೃತ್ತಿಜೀವನದ ಆರಂಭದಲ್ಲಿಯೇ ಅಮೆರಿಕದ ಸೇನೆ 1903ರ ಮಾದರಿಯ ಸ್ಪ್ರಿಂಗ್‌ಫೀಲ್ಡ್ ರೈಫಲ್ಲನ್ನು ಅಂಗೀಕರಿಸಿತು. ಅದರ ಬೋಲ್ಟ್ ವ್ಯವಸ್ಥೆ ಜರ್ಮನಿಯ ಪಾಲ್ ಮೌಸರ್ ಅವರ ವಿನ್ಯಾಸಕ್ಕೆ ಎಷ್ಟು ಋಣಿಯಾಗಿತ್ತೆಂದರೆ, ಅಮೆರಿಕ ಸರ್ಕಾರ ಮೌಸರ್ ಕಂಪನಿಗೆ ಹಕ್ಕಿನ ಹಣವನ್ನು ತೆರಬೇಕಾಯಿತು. 1906ರಲ್ಲಿ ಈ ರೈಫಲ್ಲಿಗೆ ಹೊಸ ತೋಟಾ ಬಂದಿತು. ಅದೇ ಇಂದಿಗೂ ಜಗತ್ತಿನಾದ್ಯಂತ ಬಳಕೆಯಲ್ಲಿರುವ .30-06. ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ತಮಗಾಗಿ ಬೇಟೆಯ ಕಟ್ಟಿನ ಸ್ಪ್ರಿಂಗ್‌ಫೀಲ್ಡ್ ಒಂದನ್ನು ಮಾಡಿಸಿಕೊಂಡು, 1909ರಲ್ಲಿ ಆಫ್ರಿಕಾಕ್ಕೂ ಒಯ್ದಿದ್ದರು. ಸೈನ್ಯದ ಕೋವಿಯನ್ನು ಬೇಟೆಯ ಕೋವಿಯಾಗಿ ಮಾರ್ಪಡಿಸುವ ಪರಿಪಾಠ ಅಲ್ಲಿಂದ ಬೆಳೆಯಿತು.

ಜಿಂಕೆಗೆ .30-06 ಧಾರಾಳವಾಗಿ ಸಾಕಾಗುತ್ತಿತ್ತು. ಆದರೆ ಅಲಾಸ್ಕಾದ ಕಂದು ಕರಡಿ, ಮೂಸ್‌ನಂಥ ಭಾರಿ ದೇಹದ ಪ್ರಾಣಿಗಳಿಗೆ ಇನ್ನೂ ಅಗಲವಾದ, ಇನ್ನೂ ತೂಕದ ಗುಂಡು ಬೇಕೆಂಬುದು ಹಲವು ಬೇಟೆಗಾರರ ಅಭಿಪ್ರಾಯವಾಗಿತ್ತು. ಗಾಯಗೊಂಡ ಕರಡಿ ಪೊದೆ ಸೇರಿದರೆ ಅದರ ನರಳಾಟವೂ ದೀರ್ಘ, ಬೆನ್ನಟ್ಟುವವನ ಪ್ರಾಣಕ್ಕೂ ಅಪಾಯ. ಇಂಥ ಬೇಟೆಗೆ ಸುಮಾರು .33ರಿಂದ .40 ಇಂಚು ವ್ಯಾಸದ ಮಧ್ಯಮ ನಳಿಕೆಯ ರೈಫಲ್‌ಗಳೇ ಸೂಕ್ತವೆಂದು ಪರಿಗಣಿತವಾಗಿದ್ದವು. ಬೆಂಗಳೂರಿನ ಕೆನೆತ್ ಆಂಡರ್ಸನ್ ಅವರ ಕಥನಗಳನ್ನು ಪೂರ್ಣಚಂದ್ರ ತೇಜಸ್ವಿಯವರ ಕನ್ನಡದಲ್ಲಿ ಓದಿದವರು ಆಂಡರ್ಸನ್ ಅವರ ನೆಚ್ಚಿನ .405 ವಿಂಚೆಸ್ಟರ್ ರೈಫಲ್ಲನ್ನು ನೆನೆದರೆ ಈ ಗಾತ್ರದ ಅಂದಾಜು ಸಿಗುತ್ತದೆ.

ಇಂಗ್ಲೆಂಡಿನ ಹಾಲೆಂಡ್ ಅಂಡ್ ಹಾಲೆಂಡ್ ಕಂಪನಿ 1912ರಲ್ಲಿ ಹೊರತಂದ .375 ಮ್ಯಾಗ್ನಮ್ ತೋಟಾ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿತ್ತು. ಆದರೆ ಆ ತೋಟಾ ಬಲು ಉದ್ದ. ಅದಕ್ಕೆಂದೇ ತಯಾರಾದ ಉದ್ದನೆಯ ಮೌಸರ್ ಬೋಲ್ಟ್ ವ್ಯವಸ್ಥೆ ಬೇಕಾಗುತ್ತಿತ್ತು. ಅದರ ಬೆಲೆ ಸಾಮಾನ್ಯರ ಕೈಗೆಟುಕುವಂತಿರಲಿಲ್ಲ. ಮನೆಯ ಗೋಡೆಗೆ ಒರಗಿರುವ ಸ್ಪ್ರಿಂಗ್‌ಫೀಲ್ಡಿನಿಂದಲೇ ಈ ಕೆಲಸ ತೆಗೆಯಲು ಸಾಧ್ಯವಿಲ್ಲವೇ ಎಂಬ ಪ್ರಶ್ನೆ ಎದ್ದದ್ದು ಇಲ್ಲಿ.

ಮಾರ್ಪಾಟಿನ ಜಾಣ್ಮೆ

1920ರ ದಶಕದ ಆರಂಭದಲ್ಲಿ ವೀಲನ್ ಫಿಲಡೆಲ್ಫಿಯಾದ ಫ್ರಾಂಕ್‌ಫರ್ಡ್ ಸೇನಾ ಮದ್ದುಗುಂಡು ಕಾರ್ಖಾನೆಯ ಮುಖ್ಯಸ್ಥರಾಗಿದ್ದರು. ಅಲ್ಲಿಯ ಉಪಕರಣ ವಿಭಾಗದಲ್ಲಿ ಜೇಮ್ಸ್ ಹೋ ಎಂಬ ನುರಿತ ಕುಶಲಕರ್ಮಿಯಿದ್ದರು. 1922ರಲ್ಲಿ ಇವರಿಬ್ಬರ ಒಡನಾಟದಲ್ಲಿ .35 ವೀಲನ್ ಹುಟ್ಟಿತು. ಅದರ ಹಿಂದಿನ ತತ್ತ್ವ ಅತ್ಯಂತ ಸರಳ. .30-06ರ ಹಿತ್ತಾಳೆ ಕವಚವನ್ನೇ ತೆಗೆದುಕೊಂಡು, ಅದರ ಕತ್ತನ್ನು ಮಾತ್ರ .358 ಇಂಚು ವ್ಯಾಸದ ಗುಂಡು ಕೂರುವಷ್ಟು ಹಿಗ್ಗಿಸಲಾಯಿತು. ಕವಚದ ಬುಡ ಮೊದಲಿನಷ್ಟೇ ಇದ್ದುದರಿಂದ ಬೋಲ್ಟಿನ ಮುಖವನ್ನು ಮುಟ್ಟುವ ಅಗತ್ಯ ಬೀಳಲಿಲ್ಲ. ಉದ್ದವೂ ಹೊಂದಿಕೊಂಡದ್ದರಿಂದ ತೋಟಾ ತುಂಬುವ ಪೆಟ್ಟಿಗೆಯನ್ನೂ ಬದಲಿಸಬೇಕಾಗಲಿಲ್ಲ. ಹೊಸ ನಳಿಕೆಯನ್ನು ಜೋಡಿಸಿದರೆ, ಇಲ್ಲವೇ ಹಳೆಯ ನಳಿಕೆಯನ್ನೇ ಅಗಲವಾಗಿ ಕೊರೆಸಿದರೆ ಮಾರ್ಪಾಟು ಬಹುಮಟ್ಟಿಗೆ ಮುಗಿದಂತೆ. 250 ಗ್ರೇನ್, ಅಂದರೆ ಸುಮಾರು 16 ಗ್ರಾಂ ತೂಕದ ಗುಂಡು ಸೆಕೆಂಡಿಗೆ ಸುಮಾರು 2,400 ಅಡಿ ವೇಗದಲ್ಲಿ ಚಿಮ್ಮುತ್ತಿತ್ತು. ಬರ್ಲಿನ್ನಿನ ಬಂದೂಕು ತಯಾರಕ ಒಟ್ಟೊ ಬಾಕ್ 1905ರಲ್ಲಿಯೇ ಸಾಧಾರಣ ಮೌಸರ್‌ಗೆ ಹೊಂದುವ 9.3 ಮಿ.ಮೀ. ತೋಟಾವನ್ನು ಆಫ್ರಿಕಾದ ಬೇಟೆಗಾರರಿಗಾಗಿ ರೂಪಿಸಿದ್ದರು. ಅದೇ ತರ್ಕ ಅಟ್ಲಾಂಟಿಕ್‌ನ ಈಚೆ ದಡದಲ್ಲಿಯೂ ಫಲ ಕೊಟ್ಟಿತು.

ಅಪಾಯಗಳೂ ಇಲ್ಲದಿರಲಿಲ್ಲ. ಇಂಥ ತೋಟಾ ಕೋವಿಯೊಳಗೆ ಮುಂದೆ ಜಾರದಂತೆ ಹಿಡಿದು ನಿಲ್ಲಿಸುವುದು ಕವಚದ ಭುಜ. ಕತ್ತು ಹಿಗ್ಗಿದಷ್ಟೂ ಭುಜ ಕಿರಿದಾಗುತ್ತದೆ. ಇದೇ ಕವಚದಿಂದ ಹುಟ್ಟಿದ .400 ವೀಲನ್ ತೋಟಾದ ಭುಜ ಇನ್ನೂ ಕಿರಿದಾಗಿದ್ದರಿಂದ, ತೋಟಾ ತನ್ನ ಸ್ಥಾನದಲ್ಲಿ ಭದ್ರವಾಗಿ ಕೂರದೆಂಬ ಅಪಖ್ಯಾತಿ ಅದಕ್ಕೆ ಅಂಟಿಕೊಂಡಿತು. ಮಾರ್ಪಾಟಿಗೆ ಆಯ್ದುಕೊಂಡ ಕೋವಿಯ ವಯಸ್ಸೂ ಮುಖ್ಯವಾಗಿತ್ತು. ಆರಂಭದ ವರ್ಷಗಳಲ್ಲಿ ಸ್ಪ್ರಿಂಗ್‌ಫೀಲ್ಡ್ ಕಾರ್ಖಾನೆಯ ಕೆಲಸಗಾರರು ಕಾದ ಉಕ್ಕಿನ ಬಣ್ಣವನ್ನು ಕಣ್ಣಳತೆಯಲ್ಲಿ ನೋಡಿಯೇ ಶಾಖವನ್ನು ಅಂದಾಜಿಸುತ್ತಿದ್ದರು. ಹೀಗಾಗಿ ಕೆಲವು ಕೋವಿಗಳ ಉಕ್ಕು ಪೆಡಸಾಗಿ, ಒಡೆದದ್ದೂ ಉಂಟು. 1918ರಲ್ಲಿ ಹದ ಹಾಕುವ ವಿಧಾನವನ್ನೇ ಬದಲಿಸಲಾಯಿತು. ಆ ಕಾರ್ಖಾನೆಯ 8,00,000ಕ್ಕಿಂತ ಕೆಳಗಿನ ಕ್ರಮಸಂಖ್ಯೆಯ ಕೋವಿಗಳನ್ನು ತಿಳಿದವರು ಇಂದಿಗೂ ಅನುಮಾನದಿಂದಲೇ ನೋಡುತ್ತಾರೆ.

ಶ್ರೇಯ ಯಾರಿಗೆ?

1923ರ ಬರಹವೊಂದರಲ್ಲಿ ವೀಲನ್, ತೋಟಾದ ವಿನ್ಯಾಸ ತಮ್ಮದೆಂದೂ, ಹೋ ತಮ್ಮ ನಿರ್ದೇಶನದಂತೆ ಉಪಕರಣಗಳನ್ನು ತಯಾರಿಸಿ ಕೊಟ್ಟರೆಂದೂ ತಿಳಿಸಿದ್ದರು. ಆದರೆ ವಿನ್ಯಾಸವೂ ಹೋ ಅವರದೇ, ಮೇಲಧಿಕಾರಿಯ ಮೇಲಿನ ಗೌರವದಿಂದ ಅವರ ಹೆಸರಿಟ್ಟರು ಎಂಬ ವಾದ ಮುಂದೆ ಬಲವಾಗಿ ಹಬ್ಬಿತು. ಅಧಿಕಾರಿಯ ಕಲ್ಪನೆ ಮತ್ತು ಕುಶಲಕರ್ಮಿಯ ಕೈಗಳ ನಡುವೆ ಗೆರೆ ಎಳೆಯುವುದು ಎಷ್ಟು ಕಷ್ಟವೆಂಬುದಕ್ಕೆ ಇದೊಂದು ನಿದರ್ಶನ. ಇಷ್ಟಂತೂ ನಿಜ: ಹೋ ಅವರ ಪ್ರತಿಭೆಯನ್ನು ವೀಲನ್ ಕಡೆಗಣಿಸಲಿಲ್ಲ. ನ್ಯೂಯಾರ್ಕಿನಲ್ಲಿ ಪೀಠೋಪಕರಣ ತಯಾರಿಸುತ್ತ, ಸ್ಪ್ರಿಂಗ್‌ಫೀಲ್ಡ್‌ಗಳಿಗೆ ಸೊಗಸಾದ ಮರದ ಕಟ್ಟು ಕೆತ್ತುತ್ತಿದ್ದ ಸೀಮೋರ್ ಗ್ರಿಫಿನ್ ಮತ್ತು ಹೋ ಜೊತೆಗೂಡುವಲ್ಲಿ ವೀಲನ್ ಅವರ ಪಾತ್ರವಿತ್ತು. 1923ರಲ್ಲಿ ಸ್ಥಾಪನೆಯಾದ ಗ್ರಿಫಿನ್ ಅಂಡ್ ಹೋ ಸಂಸ್ಥೆ ಇಂಥ ಮಾರ್ಪಾಟುಗಳಿಗೆ ಅಮೆರಿಕದಲ್ಲೆಲ್ಲ ಖ್ಯಾತಿ ಪಡೆಯಿತು. ಹೋ ಮಾತ್ರ ಹೆಚ್ಚು ಕಾಲ ಅಲ್ಲಿ ನಿಲ್ಲಲಿಲ್ಲ.

ವೀಲನ್ ಮುಂದೆ ಸ್ಪ್ರಿಂಗ್‌ಫೀಲ್ಡ್ ಕಾರ್ಖಾನೆಯ ಸಂಶೋಧನಾ ವಿಭಾಗವನ್ನು ಮುನ್ನಡೆಸಿದರು. ಪುಟ್ಟ ಪ್ರಾಣಿಗಳ ಬೇಟೆಗೆ ಬಳಸುವ .22 ಹಾರ್ನೆಟ್ ತೋಟಾದ ಬೆಳವಣಿಗೆಯಲ್ಲಿಯೂ ಅವರ ಪಾಲಿತ್ತು. 1936ರಲ್ಲಿ ಕರ್ನಲ್ ಹುದ್ದೆಯಿಂದ ನಿವೃತ್ತರಾದರೂ ಲೇಖನಿಗೆ ನಿವೃತ್ತಿ ಇರಲಿಲ್ಲ. 1918ರಲ್ಲಿಯೇ 'ದಿ ಅಮೆರಿಕನ್ ರೈಫಲ್' ಎಂಬ ಬೃಹತ್ ಗ್ರಂಥವನ್ನು ಬರೆದಿದ್ದ ಅವರು ಬೇಟೆ, ಗುರಿಗಾರಿಕೆ, ಅರಣ್ಯವಾಸ ಕುರಿತು ನಿಯತಕಾಲಿಕೆಗಳಿಗೆ ಬರೆಯುತ್ತಲೇ ಹೋದರು. 1961ರ ಡಿಸೆಂಬರ್ 23ರಂದು ತಮ್ಮ 84ನೆಯ ವಯಸ್ಸಿನಲ್ಲಿ ನಿಧನರಾದರು.

ಅವರು ಬದುಕಿರುವವರೆಗೂ .35 ವೀಲನ್ ಯಾವ ದೊಡ್ಡ ಕಂಪನಿಯ ಪಟ್ಟಿಯಲ್ಲಿಯೂ ಸ್ಥಾನ ಪಡೆಯಲಿಲ್ಲ. ಬಳಸುವವರು ಕವಚಗಳನ್ನು ತಾವೇ ಸಿದ್ಧಪಡಿಸಿಕೊಳ್ಳಬೇಕಿತ್ತು. 1980ರ ದಶಕದ ಕೊನೆಯಲ್ಲಿ, ಬಾಲಕ ವೀಲನ್‌ಗೆ ಮೊದಲ ಕೋವಿಯನ್ನು ಒದಗಿಸಿದ್ದ ಅದೇ ರೆಮಿಂಗ್ಟನ್ ಕಂಪನಿ ಈ ತೋಟಾವನ್ನು ಅಧಿಕೃತವಾಗಿ ಮಾರುಕಟ್ಟೆಗೆ ತಂದಿತು. ಇತ್ತ ಹಳೆಯ ಸ್ಪ್ರಿಂಗ್‌ಫೀಲ್ಡ್‌ಗಳೀಗ ಸಂಗ್ರಾಹಕರ ಸೊತ್ತು. ಮೂಲರೂಪ ಕಳೆದುಕೊಂಡ ಸೈನ್ಯದ ಕೋವಿಗೆ ಬೆಲೆ ಕಡಿಮೆ. ಆದರೆ 1920ರ ದಶಕದಲ್ಲಿ ನುರಿತ ಕೈಗಳಲ್ಲಿ ಮಾರ್ಪಟ್ಟ ಅಪರೂಪದ .35 ವೀಲನ್ ಕೋವಿಗಳನ್ನು ಬಲ್ಲವರು ಮೂಲಕ್ಕಿಂತಲೂ ಹೆಚ್ಚು ಆಸ್ಥೆಯಿಂದ ಹುಡುಕುತ್ತಾರೆ.