ಜೀವ ಉಳಿಸಲು ಕಾರನ್ನೇ ಬಲಿ ಕೊಟ್ಟ ಬೇಲಾ ಬರೇನಿ

ಬೆಂಗಳೂರು: ಅಪಘಾತದಲ್ಲಿ ಕಾರಿನ ಮುಂಭಾಗ ನಜ್ಜುಗುಜ್ಜಾದರೆ ತಗಡು ತೆಳುವೆಂದು ತಯಾರಕರನ್ನು ದೂರುವವರೇ ಹೆಚ್ಚು. ಆದರೆ ಆ ಭಾಗವನ್ನು ರೂಪಿಸಿರುವುದೇ ಹಾಗೆ ಮಡಿಚಿಕೊಳ್ಳಲೆಂದು. ಈ ತತ್ವವನ್ನು ಜಗತ್ತಿಗೆ ಕೊಟ್ಟವರು ಮರ್ಸಿಡಿಸ್ ಬೆಂಜ್ ಕಾರುಗಳ ಎಂಜಿನಿಯರ್ ಬೇಲಾ ಬರೇನಿ. ಅದೇ ಕಂಪನಿ 1996ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ, ಈಗ ವೈಟ್‌ಫೀಲ್ಡ್ ಭಾಗದಲ್ಲಿರುವ ಸಂಶೋಧನಾ ಕೇಂದ್ರದಲ್ಲಿ ಕಂಪ್ಯೂಟರ್ ಮೂಲಕ ನಡೆಯುವ ಡಿಕ್ಕಿ ಪರೀಕ್ಷೆಗಳಿಗೂ ಅವರ ಚಿಂತನೆಯೇ ಬುನಾದಿ.

ಬರೇನಿ ಜನಿಸಿದ್ದು 1907ರ ಮಾರ್ಚ್ 1ರಂದು, ವಿಯೆನ್ನಾ ಸಮೀಪದ ಹಿರ್ಟೆನ್‌ಬರ್ಗ್‌ನಲ್ಲಿ. ತಂದೆ ಮೊದಲ ಮಹಾಯುದ್ಧದಲ್ಲಿ ಮಡಿದರು. ಶ್ರೀಮಂತ ಕುಟುಂಬ ಕ್ರಮೇಣ ಸಂಕಷ್ಟಕ್ಕೆ ಸಿಲುಕಿತು. ವಿದ್ಯಾರ್ಥಿ ದೆಸೆಯಲ್ಲೇ, 1925ರ ವೇಳೆಗೆ, ಜನಸಾಮಾನ್ಯರ ಕಾರೊಂದರ ನಕ್ಷೆಯನ್ನು ಅವರು ಬರೆದಿದ್ದರು. ಮುಂದೆ ಲೋಕಪ್ರಸಿದ್ಧವಾದ ಫೋಕ್ಸ್‌ವ್ಯಾಗನ್ ಬೀಟಲ್‌ನ ಮೂಲ ಕಲ್ಪನೆ ಅದರಲ್ಲಿತ್ತೆಂಬುದನ್ನು 1950ರ ದಶಕದಲ್ಲಿ ಜರ್ಮನಿಯ ನ್ಯಾಯಾಲಯ ಮಾನ್ಯ ಮಾಡಿತು.

1939ರಲ್ಲಿ ಡೈಮ್ಲರ್ ಬೆಂಜ್‌ನಲ್ಲಿ ಕೆಲಸ ಕೇಳಿದಾಗ ಮೊದಲು ದೊರೆತದ್ದು ನಿರಾಕರಣೆ. ಪಟ್ಟು ಬಿಡದ ಬರೇನಿ, ಆಡಳಿತ ವರ್ಗದ ವಿಲ್ಹೆಲ್ಮ್ ಹಾಸ್ಪೆಲ್ ಅವರ ಮುಂದೆ ಆ ಕಂಪನಿಯ ಕಾರುಗಳ ದೋಷಗಳನ್ನೇ ಒಂದೊಂದಾಗಿ ವಿವರಿಸಿದರು. ಕೆಲಸ ಸಿಕ್ಕಿತು.

ಕಾರು ಗಟ್ಟಿಯಾದಷ್ಟೂ ಸುರಕ್ಷಿತ ಎಂಬುದು ಅಂದಿನ ನಂಬಿಕೆ. ಬರೇನಿ ಅದನ್ನು ತಿರುವುಮುರುವು ಮಾಡಿದರು. ಮುಂಭಾಗ ಮತ್ತು ಹಿಂಭಾಗ ಕುಗ್ಗುತ್ತಾ ಡಿಕ್ಕಿಯ ರಭಸವನ್ನು ನುಂಗಬೇಕು. ಜನ ಕೂರುವ ನಡುಭಾಗ ಮಾತ್ರ ಪೆಟ್ಟಿಗೆಯಂತೆ ಬಿಗಿಯಾಗಿರಬೇಕು. 1951ರಲ್ಲಿ ಇದಕ್ಕೆ ಪೇಟೆಂಟ್ ಅರ್ಜಿ ಸಲ್ಲಿಕೆಯಾಯಿತು. 1959ರಲ್ಲಿ ಮರ್ಸಿಡಿಸ್ ಸೆಡಾನ್‌ಗಳಲ್ಲಿ ಈ ವಿನ್ಯಾಸ ಮೊದಲಿಗೆ ರಸ್ತೆಗಿಳಿಯಿತು.

1963ರ ಜಿನೀವಾ ಪ್ರದರ್ಶನದಲ್ಲಿ ಅನಾವರಣಗೊಂಡ 230 ಎಸ್ಎಲ್, ಇದೇ ರಕ್ಷಣೆಯನ್ನು ಎರಡು ಆಸನಗಳ ಸ್ಪೋರ್ಟ್ಸ್ ಕಾರಿಗೂ ತಂದಿತು. ಕಳಚಿಡಬಹುದಾದ ಅದರ ಗಟ್ಟಿ ಚಾವಣಿ ನಡುವೆ ತುಸು ತಗ್ಗಾಗಿತ್ತು. ಇದರಿಂದ ಕಿಟಕಿಗಳು ಎತ್ತರವಾದವು, ಹತ್ತಿ ಇಳಿಯುವುದು ಸುಲಭವಾಯಿತು. ಪೂರ್ವ ದೇಶಗಳ ದೇಗುಲಗಳ ಮಾಡನ್ನು ನೆನಪಿಸುವ ಈ ಆಕಾರದಿಂದಾಗಿ ಕಾರಿಗೆ ಪಗೋಡಾ ಎಂಬ ಅಡ್ಡಹೆಸರು ಬಂತು. ಚಾವಣಿಯ ಹಿಂದಿದ್ದ ಚಿಂತನೆಯೂ ಬರೇನಿ ಅವರದೇ. ಕಾರಿನ ಚೆಲುವಾದ ರೂಪ ವಿನ್ಯಾಸಕ ಪಾಲ್ ಬ್ರಾಕ್ ಅವರ ಕೊಡುಗೆ. ಅದೇ ವರ್ಷ ಸ್ಪಾ–ಸೋಫಿಯಾ–ಲಿಯೆಜ್ ರ‍್ಯಾಲಿಯಲ್ಲಿ ಈ ಕಾರು ಜಯ ಗಳಿಸಿ, ಸುರಕ್ಷತೆ ವೇಗಕ್ಕೆ ಅಡ್ಡಿಯಲ್ಲ ಎಂಬುದನ್ನು ಸಾಬೀತುಪಡಿಸಿತು. 1971ರವರೆಗೆ 250 ಮತ್ತು 280 ಮಾದರಿಗಳೂ ಸೇರಿ 48 ಸಾವಿರಕ್ಕೂ ಹೆಚ್ಚು ಕಾರುಗಳು ತಯಾರಾದವು.

2,500ಕ್ಕೂ ಅಧಿಕ ಪೇಟೆಂಟ್‌ಗಳ ಒಡೆಯರಾದ ಬರೇನಿ 1970ರ ದಶಕದಲ್ಲಿ ನಿವೃತ್ತರಾಗಿ, 1997ರ ಮೇ 30ರಂದು ಜರ್ಮನಿಯ ಬೋಬ್ಲಿಂಗನ್‌ನಲ್ಲಿ ನಿಧನರಾದರು.

ಭಾರತದಲ್ಲಿ ಕಾರುಗಳಿಗೆ ಸುರಕ್ಷತಾ ತಾರೆಗಳನ್ನು ನೀಡುವ ಭಾರತ್ ಎನ್‌ಕ್ಯಾಪ್ ವ್ಯವಸ್ಥೆ ಆರಂಭವಾದದ್ದು 2023ರ ಅಕ್ಟೋಬರ್‌ನಲ್ಲಿ. ಅಲ್ಲಿಯೂ ಮುಖ್ಯವಾಗಿ ಅಳೆಯುವುದು ಕಾರಿಗಾದ ನಷ್ಟವನ್ನಲ್ಲ, ಒಳಗಿದ್ದವರಿಗೆ ತಗಲುವ ಪೆಟ್ಟನ್ನು. ಆದರೆ ಎಷ್ಟೇ ತಾರೆಗಳಿದ್ದರೂ ಸೀಟ್ ಬೆಲ್ಟ್ ಧರಿಸದವರಿಗೆ ಬರೇನಿ ಅವರ ಗಟ್ಟಿ ಪೆಟ್ಟಿಗೆಯೂ ಪೂರ್ಣ ರಕ್ಷಣೆ ನೀಡದು. ಹೊರವರ್ತುಲ ರಸ್ತೆಯಲ್ಲಿ, ಹೊಸೂರು ರಸ್ತೆಯಲ್ಲಿ ದಿನವೂ ಕಚೇರಿಗೆ ಧಾವಿಸುವವರು ಮರೆಯಬಾರದ ಮಾತಿದು.