ಬಣ್ಣವಿಲ್ಲದ ಅಂಗಿಯ ಸಿಂಪಿಗನು: ಜಾನ್ ವುಲ್ಮನ್ ಎಂಬವನ ಚರಿತ್ರೆ

ಸೂಜಿ, ದಾರ, ಕತ್ತರಿ ಇವುಗಳಿಂದ ಹೊಟ್ಟೆ ಹೊರೆದವರ ಚರಿತ್ರೆಯನ್ನು ಬರೆಯುವವರು ಕಡಿಮೆ. ಅರಸರು, ಸೇನಾಪತಿಗಳು, ಪಂಡಿತರು ಇವರ ವೃತ್ತಾಂತಗಳು ಪುಸ್ತಕಗಳಲ್ಲಿ ತುಂಬಿರುತ್ತವೆ. ಅವರು ತೊಟ್ಟ ಉಡುಪುಗಳನ್ನು ಹೊಲಿದುಕೊಟ್ಟವರ ಹೆಸರುಗಳೋ ಎಲ್ಲಿಯೂ ಸಿಕ್ಕುವದಿಲ್ಲ. ಆದರೆ ಇನ್ನೂರೈವತ್ತು ವರುಷಗಳ ಹಿಂದೆ ಅಮೇರಿಕ ದೇಶದಲ್ಲಿದ್ದ ಒಬ್ಬ ಸಿಂಪಿಗನ ಹೆಸರು ಇಂದಿನ ವರೆಗೂ ಉಳಿದದೆ. ಅದು ಉಳಿದದ್ದು ಆತನು ಹೊಲಿದ ಅಂಗಿಗಳ ಅಂದದಿಂದಲ್ಲ. ತನ್ನ ಮೈಮೇಲಿನ ಅಂಗಿಯ ವಿಷಯವಾಗಿ ಆತನು ತನ್ನನ್ನು ತಾನೇ ಕೇಳಿಕೊಂಡ ಪ್ರಶ್ನೆಗಳಿಂದ. ಪ್ರಿಯ ವಾಚಕರೇ, ಆತನ ಜೀವಚರಿತ್ರೆಯನ್ನು ಈ ತಿಂಗಳು ನಿಮ್ಮ ಮುಂದೆ ಇಡುತ್ತೇವೆ.

ಜಾನ್ ವುಲ್ಮನ್ ಎಂಬವನು 1720ನೆಯ ಇಸವಿಯ ಅಕ್ಟೋಬರ್ ತಿಂಗಳಲ್ಲಿ, ಆಗ ಇಂಗ್ಲಿಷರ ವಸಾಹತಾಗಿದ್ದ ನ್ಯೂ ಜೆರ್ಸಿ ಸೀಮೆಯ ರಾನ್ಕೋಕಸ್ ಹೊಳೆಯ ಬಳಿಯಲ್ಲಿ ಒಬ್ಬ ಒಕ್ಕಲಿಗನ ಮನೆಯಲ್ಲಿ ಹುಟ್ಟಿದನು. ಹದಿಮೂರು ಮಂದಿ ಮಕ್ಕಳಿದ್ದ ಆ ಮನೆಯಲ್ಲಿ ಗಂಡುಮಕ್ಕಳೊಳಗೆ ಈತನೇ ಹಿರಿಯನು. ಆ ಮನೆಯವರು ಕ್ವೇಕರರೆಂಬ ಪಂಗಡಕ್ಕೆ ಸೇರಿದವರು. ಆ ಕಾಲದಲ್ಲಿ ಇವರಿಗೆ ಸಂಬಳದ ಬೋಧಕರಿರಲಿಲ್ಲ; ಸಭೆಯಲ್ಲಿ ಮೌನವಾಗಿ ಕೂತು, ಯಾರಿಗೆ ಪ್ರೇರಣೆಯಾಗುತ್ತಿತ್ತೋ ಅವರು ಎದ್ದು ಮಾತಾಡುತ್ತಿದ್ದರು. ಉಡುಪಿನಲ್ಲಿಯೂ ಇವರು ಸಾದಾತನವನ್ನು ಮೆಚ್ಚುತ್ತಿದ್ದರು. ಹಾಗಾದರೂ ಸಾದಾ ಅಂಗಿಯನ್ನು ಬಲು ಬೆಲೆಯುಳ್ಳ ಬಟ್ಟೆಯಿಂದ ಹೊಲಿಸಿಕೊಳ್ಳುವ ಉಪಾಯವು ಫಿಲಡೆಲ್ಫಿಯದ ಐಶ್ವರ್ಯವಂತ ಕ್ವೇಕರರಿಗೆ ಚೆನ್ನಾಗಿ ಗೊತ್ತಿತ್ತು.

ಬಾಲ್ಯದ ಒಂದು ಸಂಗತಿಯನ್ನು ಮಾತ್ರ ಹೇಳುತ್ತೇವೆ. ಗೂಡಿನ ಬಳಿ ಹಾರಾಡುತ್ತಿದ್ದ ಒಂದು ತಾಯಿಹಕ್ಕಿಯನ್ನು ಈತನು ಆಟವಾಗಿ ಕಲ್ಲೆಸೆದು ಕೊಂದನು. ಮರಿಗಳು ಹಸಿವೆಯಿಂದ ನರಳಿ ಸಾಯುವವಲ್ಲಾ ಎಂಬ ನೋವಿನಿಂದ ಮರವನ್ನೇರಿ ಅವುಗಳನ್ನೂ ಕೊಲ್ಲಬೇಕಾಯಿತು. ತಾನು ಎಸೆದ ಕಲ್ಲು ಎಲ್ಲಿಯ ತನಕ ಹೋಗಿ ಮುಟ್ಟುತ್ತದೆಂದು ನೋಡುವ ಅಭ್ಯಾಸವು ಆತನಲ್ಲಿ ಆ ದಿವಸವೇ ಆರಂಭವಾಯಿತೆಂದು ನಮಗೆ ತೋರುತ್ತದೆ.

ಇಪ್ಪತ್ತೊಂದನೆಯ ವಯಸ್ಸಿನಲ್ಲಿ ಮೌಂಟ್ ಹಾಲಿ ಎಂಬ ಊರಿನ ಒಬ್ಬ ಅಂಗಡಿಯವನ ಬಳಿಯಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದನು. ಒಂದು ದಿನ ಯಜಮಾನನು ತನ್ನ ಮನೆಯಲ್ಲಿದ್ದ ಆಫ್ರಿಕದ ದಾಸಿಯನ್ನು ಮಾರಿ, ಕ್ರಯಪತ್ರವನ್ನು ಬರೆದುಕೊಡಬೇಕೆಂದು ವುಲ್ಮನನಿಗೆ ಅಪ್ಪಣೆಮಾಡಿದನು. ಕೊಳ್ಳುವವನು ಬಾಗಲಲ್ಲಿ ಕಾದಿದ್ದನು. ಅವನು ತಮ್ಮ ಸಭೆಯ ಹಿರಿಯನೇ. ವುಲ್ಮನನು ಕಳವಳಗೊಂಡನು, ಆದರೂ ಸಂಬಳ ಕೊಡುವವನ ಮಾತೆಂದು ಪತ್ರವನ್ನು ಬರೆದನು. ಮನುಷ್ಯರನ್ನು ದಾಸರಾಗಿ ಇಟ್ಟುಕೊಳ್ಳುವದು ಕ್ರೈಸ್ತಧರ್ಮಕ್ಕೆ ಒಪ್ಪದ ನಡತೆಯೆಂದು ಅವರಿಬ್ಬರ ಮುಂದೆಯೂ ಹೇಳಿದನು ನಿಜ, ಪತ್ರವೋ ಬರೆದಾಗಿತ್ತು. ಮುಂದೆ ಇನ್ನೊಬ್ಬನು ಅಂಥ ಪತ್ರವನ್ನು ಕೇಳಿದಾಗ ಬರೆಯಲಾರೆನೆಂದನು.

ಆ ಯಜಮಾನನು ಅಂಗಡಿಯ ವ್ಯಾಪಾರವನ್ನು ತಗ್ಗಿಸಿದ್ದನು; ಒಬ್ಬ ಸಿಂಪಿಗನನ್ನು ಇಟ್ಟುಕೊಂಡು ಹೊಲಿಗೆಯ ಕೆಲಸವನ್ನೂ ನಡಿಸುತ್ತಿದ್ದನು. ವುಲ್ಮನನು ಆ ಸಿಂಪಿಗನಿಂದ ಹೊಲಿಗೆಯನ್ನು ಕಲಿತನು. ಹೊಲಿಗೆಯ ಯಂತ್ರಗಳು ಪ್ರಚಾರಕ್ಕೆ ಬರಲು ಇನ್ನೂ ನೂರು ವರುಷಗಳಿದ್ದವು. ಒಂದು ಉಡುಪಿನ ಪ್ರತಿಯೊಂದು ಹೊಲಿಗೆಯೂ ಕೈಯಿಂದಲೇ ಆಗಬೇಕು. ಹೀಗೆ ಹೊಲಿಯುವವನಿಗೆ ಬಟ್ಟೆಯ ಗುಣವೂ ಅದರ ಮೋಸವೂ ಬೆರಳಿನ ತುದಿಗೆ ತಿಳಿಯುವದು.

ಸ್ವಂತ ಅಂಗಡಿಯಿಟ್ಟು ವುಲ್ಮನನು ಮೊದಲು ಅಂಗಿಗೆ ಬೇಕಾಗುವ ಗುಂಡಿ ಪಟ್ಟಿ ಮುಂತಾದವುಗಳನ್ನೂ, ಆಮೇಲೆ ಬಟ್ಟೆಯನ್ನೂ ಮಾರಿದನು. 1749ರಲ್ಲಿ ಸಾರಾ ಎಲ್ಲಿಸ್ ಎಂಬವಳನ್ನು ಮದುವೆಯಾದನು; ಮೇರಿ ಎಂಬ ಮಗಳು ಹುಟ್ಟಿದಳು; ಒಬ್ಬ ಮಗನು ಹುಟ್ಟಿ ಶಿಶುವಾಗಿರುವಾಗಲೇ ತೀರಿಹೋದನು. ವ್ಯಾಪಾರವು ವರುಷ ವರುಷಕ್ಕೆ ಬೆಳೆಯಿತು. ಬೇರೆಯವನಾದರೆ ಇನ್ನೊಂದು ಮಳಿಗೆಯನ್ನು ಕಟ್ಟುತ್ತಿದ್ದನು. ಈತನೋ ಭಯಪಟ್ಟನು. ಯಾಕಂದರೆ ಬರಿಯ ಡೌಲಿಗಾಗಿ ಕೊಳ್ಳುವ ವಸ್ತುಗಳನ್ನು ಮಾರುವಾಗ ತನ್ನ ಮನಸ್ಸು ದುರ್ಬಲವಾಗುವದನ್ನು ಆತನು ಕಂಡಿದ್ದನು. ಬಡವರು ಅಂಥವುಗಳಿಗಾಗಿ ಸಾಲಮಾಡಿ, ಕಡೆಗೆ ನ್ಯಾಯಸ್ಥಾನದ ಬಾಗಲಿಗೆ ಹೋಗುವದನ್ನೂ ಕಂಡಿದ್ದನು. ಕಡಿಮೆ ಬೆಲೆಯದೂ ಹೆಚ್ಚು ಬಾಳುವದೂ ಆದದ್ದನ್ನು ತಕ್ಕೊಳ್ಳಿರೆಂದು ಅಂಗಡಿಯವನೇ ಗಿರಾಕಿಗೆ ಬುದ್ಧಿಹೇಳಿದನೆಂದರೆ ನಂಬುವಿರಾ? 1756ರ ಸುಮಾರಿಗೆ ಅಂಗಡಿಯ ವ್ಯಾಪಾರವನ್ನು ಕ್ರಮಕ್ರಮವಾಗಿ ಬಿಟ್ಟು, ಕೆಲಸ ಕಲಿಯುವ ಹುಡುಗರನ್ನೂ ಇಟ್ಟುಕೊಳ್ಳದೆ, ತನ್ನ ಎರಡು ಕೈಗಳಿಂದಾಗುವಷ್ಟು ಹೊಲಿಗೆಯನ್ನೂ ಸೇಬಿನ ಗಿಡಗಳ ಒಂದು ತೋಟವನ್ನೂ ಮಾತ್ರ ಉಳಿಸಿಕೊಂಡನು.

ಬಿಡುವಾದ ಕಾಲವನ್ನು ಸಂಚಾರದಲ್ಲಿ ಕಳೆದನು. 1746ರಲ್ಲಿ ದಕ್ಷಿಣದ ಸೀಮೆಗಳಲ್ಲಿ ಸುಮಾರು 1,500 ಮೈಲು ತಿರುಗಿ, ದಾಸರ ಬೆವರಿನಿಂದ ತಮ್ಮ ಸಭೆಯವರೇ ಸುಖವಾಗಿ ತಿಂದುಂಡು ಉಟ್ಟಿರುವದನ್ನು ನೋಡಿದ್ದನು. 1754ರಲ್ಲಿ ದಾಸತ್ವಕ್ಕೆ ವಿರೋಧವಾಗಿ ಒಂದು ಚಿಕ್ಕ ಪುಸ್ತಕವನ್ನು ಅಚ್ಚುಹಾಕಿಸಿದನು. 1757ರಲ್ಲಿ ಮತ್ತೆ ದಕ್ಷಿಣಕ್ಕೆ ಹೋದಾಗ ಚಿಲ್ಲರೆ ಬೆಳ್ಳಿನಾಣ್ಯಗಳನ್ನು ಚೀಲದಲ್ಲಿ ತುಂಬಿಕೊಂಡು ಹೋದನು. ಯಾವ ಮನೆಯಲ್ಲಿ ದಾಸರು ಅಡಿಗೆಮಾಡಿ ಬಡಿಸಿದರೋ ಅಲ್ಲಿ ಹೊರಡುವಾಗ ಅವರ ಕೆಲಸಕ್ಕೆ ಕೂಲಿಯನ್ನು ಅವರ ಕೈಯಲ್ಲಾಗಲಿ, ಅವರಿಗೆ ಕೊಡುವದಕ್ಕಾಗಿ ಯಜಮಾನನ ಕೈಯಲ್ಲಾಗಲಿ ಇಡುವನು. ಊಟಕ್ಕೆ ಕರೆದವನಿಗೆ ಅತಿಥಿಯು ದುಡ್ಡು ಕೊಡುವದು ಎಷ್ಟು ನಾಚಿಕೆಯ ಸಂಗತಿಯೆಂಬದು ನಮ್ಮ ಹಳ್ಳಿಗಳವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮರುವರುಷ ಫಿಲಡೆಲ್ಫಿಯದ ವಾರ್ಷಿಕ ಸಭೆಯು ದಾಸರನ್ನು ಇಟ್ಟುಕೊಂಡಿದ್ದ ಸದಸ್ಯರ ಮನೆಗಳಿಗೆ ಹೋಗಿ ಎಚ್ಚರಿಸುವದಕ್ಕೆ ಕೆಲವರನ್ನು ನೇಮಿಸಿತು. ವುಲ್ಮನನು ಅವರಲ್ಲಿ ಒಬ್ಬನು.

ಈಗ ಬಣ್ಣದ ಸಂಗತಿಗೆ ಬರುತ್ತೇವೆ. ಆ ಕಾಲದ ಬಣ್ಣಗಳೆಲ್ಲಾ ಗಿಡ, ಬೇರು, ತೊಗಟೆ, ಹುಳು, ಲೋಹದ ಉಪ್ಪು ಇವುಗಳಿಂದ ಆಗುತ್ತಿದ್ದವು. ಕಪ್ಪು ಬಣ್ಣಕ್ಕೆ ಮಾಚಿಕಾಯಿಯ ಕಷಾಯಕ್ಕೆ ಅನ್ನಭೇದಿಯನ್ನು ಕೂಡಿಸುವರು; ನಮ್ಮ ಬಣ್ಣಗಾರರು ಅಳಲೆಕಾಯಿಗೆ ಕಬ್ಬಿಣದ ನೀರನ್ನು ಬೆರಸಿದಂತೆಯೇ. ಆ ಕಬ್ಬಿಣವು ವರುಷಗಳು ಹೋದಂತೆ ನೂಲನ್ನು ತಿಂದು ಬಟ್ಟೆಯನ್ನು ಪಿಸಿಯುವಂತೆ ಮಾಡುವದು. ನೀಲಿಯು ದಕ್ಷಿಣ ಕ್ಯಾರೊಲೈನದ ತೋಟಗಳಿಂದ ಬರುತ್ತಿತ್ತು. 1740ರ ನಂತರ ಅಲ್ಲಿ ಆ ಬೆಳೆಯು ಬಹಳವಾಗಿ ಹಬ್ಬಿತು. ಎಲೆಗಳನ್ನು ತೊಟ್ಟಿಗಳಲ್ಲಿ ಕೊಳೆಹಾಕಿ, ದುರ್ವಾಸನೆಯ ಆ ನೀರನ್ನು ಬಡಿದು, ಅಡಿಯಲ್ಲಿ ನಿಂತ ಮಡ್ಡಿಯನ್ನು ಒಣಗಿಸುತ್ತಿದ್ದವರು ದಾಸರು.

ನೀಲಿಯ ಹಿಂದೆ ದಾಸರಿದ್ದ ಕಾರಣದಿಂದಲೇ ವುಲ್ಮನನು ಬಣ್ಣವನ್ನು ಬಿಟ್ಟನೆಂದು ಅನೇಕರು ಹೇಳುವದುಂಟು. ಆದರೆ ಆತನು ತನ್ನ ದಿನಚರಿಯಲ್ಲಿ ಕೊಟ್ಟ ಕಾರಣವು ಇನ್ನೂ ಸಾದಾದದ್ದು. ಅದು ಸಿಂಪಿಗನ ಕಾರಣ. ಬಣ್ಣವು ಬಟ್ಟೆಯನ್ನು ಕೆಡಿಸುತ್ತದೆ, ಹಣವನ್ನು ತಿನ್ನುತ್ತದೆ, ಎಲ್ಲಕ್ಕಿಂತ ಹೆಚ್ಚಾಗಿ ಕೊಳೆಯನ್ನು ಮುಚ್ಚುತ್ತದೆ. ಬಣ್ಣಕ್ಕೆ ಹಾಕುವ ಹಣವನ್ನೂ ಶ್ರಮವನ್ನೂ ಒಗೆಯುವದಕ್ಕೆ ಹಾಕಿದರೆ ಜನರು ನಿಜವಾಗಿ ಶುದ್ಧರಾಗಿರುವರೆಂಬದು ಆತನ ಎಣಿಕೆ. ಇದನ್ನು ಓದಿದಾಗ ನಮಗೆ ನಗೆಯೂ ನಾಚಿಕೆಯೂ ಬಂದವು. ವಿದ್ಯಾಲಯವನ್ನು ಬಿಟ್ಟು ಸೇವೆಗೆ ಹೊರಟ ವರುಷ ನಾವು ಒಂದು ಕಪ್ಪು ಕೋಟನ್ನು ಹೊಲಿಸಿಕೊಂಡೆವು. ಹಳ್ಳಿಯ ದೂಳು ಅದರಲ್ಲಿ ಕಾಣುವದಿಲ್ಲವೆಂಬದೇ ನಮ್ಮ ಜಾಣತನ. ಒಂದು ಬೇಸಿಗೆಯೆಲ್ಲಾ ಒಗೆಯದೆ ತೊಟ್ಟೆವು. ಕಣ್ಣಿಗೆ ಕಾಣದ್ದು ಮೂಗಿಗೆ ಚೆನ್ನಾಗಿ ತಿಳಿಯುತ್ತಿತ್ತೆಂಬದನ್ನು ನಮ್ಮ ಮನೆಯವರು ಆಮೇಲೆ ತಿಳಿಸಿದರು.

1761ರಲ್ಲಿ ಜ್ವರದಿಂದ ಮಲಗಿದ್ದಾಗ ವುಲ್ಮನನ ಮನಸ್ಸು ಈ ವಿಷಯದಲ್ಲಿ ನಿಶ್ಚಯವಾಯಿತು. ಹಾಗೆಂದು ಎದ್ದ ಕೂಡಲೆ ಪೆಟ್ಟಿಗೆಯಲ್ಲಿದ್ದ ಬಣ್ಣದ ಬಟ್ಟೆಗಳನ್ನು ಹೊರಗೆ ಎಸೆಯಲಿಲ್ಲ. ಮೊದಲೇ ಹೊಲಿದಿದ್ದವುಗಳನ್ನು ಸುಮಾರು ಒಂಭತ್ತು ತಿಂಗಳು ತೊಟ್ಟುಕೊಂಡೇ ಇದ್ದನು. ಒಳ್ಳೇ ಅಂಗಿಯನ್ನು ಬಿಸಾಡಿ ಸಾದಾ ಅಂಗಿಯನ್ನು ಕೊಳ್ಳುವದು ಮತ್ತೊಂದು ಡೌಲೇ ಎಂದು ಹೊಲಿಯುವವನಿಗೆ ಗೊತ್ತಿರಬೇಕಲ್ಲವೇ? ಒಂಭತ್ತು ತಿಂಗಳಾದ ಮೇಲೆ, ಬಣ್ಣಹಾಕದೆ ತುಪ್ಪಟದ ಸಹಜ ಬಿಳುಪಿನಲ್ಲಿಯೇ ಮಾಡಿದ ಒಂದು ಟೋಪಿಯನ್ನು ತರಿಸಿಕೊಳ್ಳಬೇಕೆಂದು ಯೋಚಿಸಿದನು. ಇಲ್ಲಿಯೇ ಆತನ ಕಾಲು ತಡೆಯಿತು. ದಾಸರ ಒಡೆಯರ ಮುಂದೆ ನಿಂತು ಮಾತಾಡಲು ಹೆದರದವನು ಜನರು ತನ್ನನ್ನು ವಿಚಿತ್ರದವನೆಂದು ಹೇಳಿಯಾರೆಂಬದಕ್ಕೆ ಹೆದರಿದನು. 1762ರಲ್ಲಿ ಕಡೆಗೆ ಟೋಪಿಯನ್ನು ಹಾಕಿಕೊಂಡನು. ಹಾಕಿಕೊಂಡರೆ ಆದದ್ದೇನು? ಅದೇ ಕಾಲದಲ್ಲಿ ಬಿಳೀ ಟೋಪಿಯು ನಗರದ ಶೋಕಿಗಾರರ ಹೊಸ ರೂಢಿಯಾಗಿತ್ತು! ಡೌಲನ್ನು ಬಿಡಬೇಕೆಂದು ಹೊರಟವನನ್ನು ಕೆಲವು ಸಹೋದರರು ಡೌಲುಗಾರನೆಂದೇ ಎಣಿಸಿ ದೂರವಾದರು. ಕೆಲವು ಕಾಲ ಸಭೆಯಲ್ಲಿ ಬಾಯಿ ತೆರೆಯುವದಕ್ಕೂ ಆತನಿಗೆ ದಾರಿ ಮುಚ್ಚಿದಂತಾಯಿತು. ಸ್ನೇಹದಿಂದ ಕೇಳಿದವರಿಗೆ ಇದು ತನ್ನ ಸ್ವಂತ ಇಷ್ಟದಿಂದಾದದ್ದಲ್ಲವೆಂದು ಎರಡು ಮಾತುಗಳಲ್ಲಿ ಹೇಳಿ ಸುಮ್ಮಗಿದ್ದನು. ಕಾಲಕ್ರಮದಲ್ಲಿ ಮೈಮೇಲಿನ ಉಡುಪೆಲ್ಲವೂ ಬಣ್ಣವಿಲ್ಲದ್ದಾಯಿತು.

ಹತ್ತು ವರುಷಗಳ ಮೇಲೆ, 1772ರ ಮೇ ತಿಂಗಳಲ್ಲಿ ಇಂಗ್ಲೆಂಡಿಗೆ ಹಡಗು ಹತ್ತಿದನು. ಮೇಲ್ತರಗತಿಯ ಕೋಣೆಗಳಲ್ಲಿ ಬೇಡವಾದ ಕೆತ್ತನೆಯ ಕೆಲಸವಿತ್ತು; ಅದರ ಖರ್ಚೂ ಪ್ರಯಾಣದ ಹಣದಲ್ಲಿ ಸೇರಿರುವದೆಂದು ನಾವಿಕರು ಮಲಗುವ ತಳಭಾಗದಲ್ಲಿಯೇ ಪ್ರಯಾಣಮಾಡಿದನು. ನಾವಿಕರ ತೊಯ್ದ ಬಟ್ಟೆಗಳು ಒಣಗಲು ಸ್ಥಳವಿಲ್ಲದೆ ಕಾಲಡಿಯಲ್ಲಿ ಬಿದ್ದಿರುವದನ್ನು ಅಲ್ಲಿ ಕಂಡು ದಿನಚರಿಯಲ್ಲಿ ಬರೆದಿಟ್ಟನು.

ಜೂನ್ 8ರಂದು ಲಂಡನಿಗೆ ಮುಟ್ಟಿ, ಹಡಗಿನಿಂದ ನೆಟ್ಟಗೆ ಕ್ವೇಕರರ ಸಭೆಗೆ ಹೋದನು. ಆತನ ವೇಷವನ್ನು ನೋಡಿದವರು ಬರೆದಿಟ್ಟದ್ದು ಹೀಗೆ: ಬಿಳೀ ಟೋಪಿ, ಕುತ್ತಿಗೆಗೆ ಏನೂ ಇಲ್ಲದ ಒರಟು ನಾರುಬಟ್ಟೆಯ ಒಳಂಗಿ, ಬಿಳೀ ಉಣ್ಣೆಯ ಮೇಲಂಗಿ ಮತ್ತು ಇಜಾರು, ಅವುಗಳಿಗೆ ಉಣ್ಣೆಯದೇ ಗುಂಡಿಗಳು, ಬಿಳೀ ಕಾಲುಚೀಲ, ಹದಮಾಡದ ತೊಗಲಿನ ಜೋಡು, ಅದಕ್ಕೆ ಲೋಹದ ಕೊಂಡಿಯ ಬದಲು ಪಟ್ಟಿ. ಆ ಸಭೆಯಲ್ಲಿ ನಡೆದದ್ದನ್ನು ಹಿರಿಯರು ಬಾಯಿಂದ ಬಾಯಿಗೆ ಹೇಳಿಕೊಂಡು ಬಂದಿದ್ದಾರೆ. ಈತನು ತಂದ ಪತ್ರಗಳನ್ನು ಓದಿಯಾದ ಮೇಲೆ ಒಬ್ಬನು ಎದ್ದು, ಅಮೇರಿಕದ ಸಹೋದರನು ಬಂದದ್ದೇ ಸಾಕು, ಇನ್ನು ಹಿಂದಿರುಗಬಹುದೆಂದು ಸೂಚಿಸಿದನಂತೆ. ವುಲ್ಮನನು ಕಣ್ಣೀರಿಟ್ಟು ಬಹಳ ಹೊತ್ತು ಸುಮ್ಮನೆ ಕೂತನು. ಆಮೇಲೆ ಎದ್ದು, ನಿಮ್ಮ ಒಪ್ಪಿಗೆಯಿಲ್ಲದೆ ಸಂಚಾರ ಮಾಡಲಾರೆನು. ಆದರೆ ನನಗೆ ಒಂದು ಕೈಕೆಲಸವು ಗೊತ್ತುಂಟು. ಯಾರಾದರೂ ಹೊಲಿಗೆಯ ಕೆಲಸವನ್ನು ಕೊಟ್ಟರೆ ಇಲ್ಲಿರುವ ತನಕ ಯಾರಿಗೂ ಭಾರವಾಗದೆ ದುಡಿದು ತಿನ್ನುವೆನು ಎಂಬ ಅರ್ಥದಲ್ಲಿ ಮಾತಾಡಿದನು. ಮತ್ತೂ ಸ್ವಲ್ಪ ಹೊತ್ತಿನ ಮೇಲೆ ಆತನು ಮಾಡಿದ ಬೋಧನೆಯನ್ನು ಕೇಳಿ, ವಿರೋಧಿಸಿದವನೇ ತನ್ನ ತಪ್ಪನ್ನು ಒಪ್ಪಿಕೊಂಡನಂತೆ.

ಅಲ್ಲಿಂದ ಉತ್ತರಕ್ಕೆ ನಡೆದುಕೊಂಡೇ ಹೋದನು. ಕುದುರೆಗಳನ್ನು ಸಾಯುವ ತನಕ ಓಡಿಸುತ್ತಿದ್ದ ಬಾಡಿಗೆಯ ರಥಗಳನ್ನು ಹತ್ತಲಿಲ್ಲ. ದಾರಿಯಲ್ಲಿ ಕೂಲಿಯನ್ನೂ ಕಾಳಿನ ಬೆಲೆಯನ್ನೂ ವಿಚಾರಿಸುತ್ತಾ ಹೋದನು. ನೂಲುವ ಹೆಂಗಸರಿಗೆ ದಿನಕ್ಕೆ 4ರಿಂದ 10 ಪೆನ್ನಿಗಳ ತನಕ ಸಿಕ್ಕುತ್ತಿತ್ತು. ಮನೆಯ ಬಾಡಿಗೆಯೂ ಊಟವೂ ಅದರಲ್ಲಿಯೇ. ಒಂದು ಬುಷೆಲ್ ರೈ ಧಾನ್ಯಕ್ಕೋ 5 ಶಿಲ್ಲಿಂಗು, ಅಂದರೆ 60 ಪೆನ್ನಿ. ಆರು ಪೆನ್ನಿ ಪಡೆಯುವವಳು ಉಣ್ಣದೆ ಉಡದೆ ಹತ್ತು ದಿನ ನೂತರೆ ಒಂದು ಬುಷೆಲ್ ಕಾಳು! ಬಣ್ಣಗಾರರ ಬೀದಿಗಳಲ್ಲಿ ಚೆಲ್ಲಿದ ಬಣ್ಣದ ನೀರಿನ ನಾತವನ್ನು ಸಹ ಬರೆದಿಟ್ಟನು. ತಾನು ಬಿಟ್ಟಿದ್ದ ಬಣ್ಣವು ಎಲ್ಲಿ ಹರಿದುಹೋಗುತ್ತದೆಂಬದನ್ನು ಆಗ ಆತನು ಕಾಲಿನಿಂದಲೇ ತುಳಿದನು.

ಸೆಪ್ಟೆಂಬರ್ ತಿಂಗಳಲ್ಲಿ ಯಾರ್ಕ್ ಪಟ್ಟಣಕ್ಕೆ ಮುಟ್ಟಿದ ಕೆಲವು ದಿವಸಗಳಲ್ಲಿಯೇ ಸಿಡುಬು ಬಡಿಯಿತು. ಸ್ನೇಹಿತರು ಆರೈಕೆ ಮಾಡಿದರೂ ಅಕ್ಟೋಬರ್ 7ರಂದು, 52 ವರುಷಗಳು ತುಂಬಲು ಕೆಲವೇ ದಿನಗಳಿರುವಾಗ, ತೀರಿಹೋದನು. ಆತನ ದಿನಚರಿಯು 1774ರಲ್ಲಿ ಅಚ್ಚಾಯಿತು. 1776ರಲ್ಲಿ ಫಿಲಡೆಲ್ಫಿಯದ ವಾರ್ಷಿಕ ಸಭೆಯು ದಾಸರನ್ನು ಬಿಡಲೊಪ್ಪದವರನ್ನು ಸಭೆಯಿಂದ ಹೊರಗೆ ಹಾಕುವದಾಗಿ ತೀರ್ಮಾನಿಸಿತು.

ಸಾಯುವದಕ್ಕೆ ಮೊದಲು ಹಾಸಿಗೆಯಲ್ಲಿದ್ದುಕೊಂಡೇ ತನ್ನ ಸಮಾಧಿಯ ಏರ್ಪಾಡನ್ನು ಹೇಳಿ ಬರೆಸಿದ್ದನು. ಪೆಟ್ಟಿಗೆಯು ಅಲಂಕಾರವಿಲ್ಲದ ಆ್ಯಶ್ ಮರದ್ದಾಗಿರಲಿ. ಓಕ್ ಮರವು ಬೇರೆ ಕೆಲಸಗಳಿಗೆ ಹೆಚ್ಚು ಉಪಯೋಗವುಳ್ಳದ್ದು. ಶವಕ್ಕೆ ಸುತ್ತುವದು ಅಗ್ಗದ ಉಣ್ಣೆಯ ಬಟ್ಟೆಯಾಗಿರಲಿ. ಆ ಬಟ್ಟೆಯ ಖರ್ಚನ್ನೂ ಕುಣಿ ತೋಡುವವನ ಕೂಲಿಯನ್ನೂ ತೀರಿಸುವದಕ್ಕಾಗಿ ತಾನು ತೊಟ್ಟುಕೊಂಡು ಬಂದಿದ್ದ ಉಡುಪುಗಳನ್ನು ಬಿಟ್ಟುಹೋದನು.