ವೊಲಾಸ್ಟನ್ ಮತ್ತು ಪಲ್ಲಾಡಿಯಂ

ಹೊಸದೊಂದನ್ನು ಕಂಡುಹಿಡಿದವನು ಅದನ್ನು ಲೋಕಕ್ಕೆ ಸಾರಿ ಕೀರ್ತಿಯನ್ನು ಪಡೆಯುವುದು ಸಹಜ. ಆದರೆ ತಾನು ಕಂಡುಹಿಡಿದ ಲೋಹವನ್ನು ಹೆಸರು ಹೇಳದೆ ಅಂಗಡಿಯಲ್ಲಿ ಮಾರಾಟಕ್ಕಿರಿಸಿದ ವಿಜ್ಞಾನಿಯೊಬ್ಬನಿದ್ದನು. ಅವನೇ ವಿಲಿಯಂ ಹೈಡ್ ವೊಲಾಸ್ಟನ್.

ವೊಲಾಸ್ಟನ್ 1766ರ ಆಗಸ್ಟ್ 6ರಂದು ಇಂಗ್ಲೆಂಡಿನ ಈಸ್ಟ್ ಡೆರಹಮ್ ಎಂಬ ಊರಿನಲ್ಲಿ ಜನಿಸಿದನು. ಕೇಂಬ್ರಿಜ್‌ನಲ್ಲಿ ವೈದ್ಯಶಾಸ್ತ್ರವನ್ನು ಅಭ್ಯಸಿಸಿ ಕೆಲಕಾಲ ವೈದ್ಯನಾಗಿದ್ದನು. 1800ರಲ್ಲಿ ಆ ವೃತ್ತಿಯನ್ನು ತ್ಯಜಿಸಿ, ಗೆಳೆಯ ಸ್ಮಿತ್‌ಸನ್ ಟೆನೆಂಟ್‌ನೊಡನೆ ಪ್ಲಾಟಿನಂ ಶುದ್ಧೀಕರಣದ ಉದ್ಯಮದಲ್ಲಿ ತೊಡಗಿದನು. ಮರುವರ್ಷವೇ ಘರ್ಷಣೆಯಿಂದ ಹುಟ್ಟುವ ವಿದ್ಯುತ್ತೂ ವೋಲ್ಟನ ಕೋಶದಿಂದ ದೊರೆಯುವ ವಿದ್ಯುತ್ತೂ ಒಂದೇ ಎಂಬುದನ್ನು ರಾಸಾಯನಿಕ ಪ್ರಯೋಗಗಳ ಮೂಲಕ ತೋರಿಸಿದನು.

ಪ್ಲಾಟಿನಂ ಅದಿರನ್ನು ರಾಜಾಮ್ಲದಲ್ಲಿ ಕರಗಿಸಿ, ಪ್ಲಾಟಿನಂ ಅನ್ನು ಬೇರ್ಪಡಿಸಿದ ಮೇಲೆ ಉಳಿಯುತ್ತಿದ್ದ ದ್ರಾವಣವನ್ನು ಅವನು ಚೆಲ್ಲದೆ ಪರೀಕ್ಷಿಸಿದನು. ಅದರಲ್ಲಿ 1802ರಲ್ಲಿ ಹೊಸ ಲೋಹವೊಂದು ಅವನಿಗೆ ದೊರೆಯಿತು. ಅದೇ ವರ್ಷ ಆಕಾಶದಲ್ಲಿ ಕಂಡುಬಂದಿದ್ದ ಪಲ್ಲಾಸ್ ಎಂಬ ಕ್ಷುದ್ರಗ್ರಹದ ನೆನಪಿಗಾಗಿ ಅದಕ್ಕೆ ಪಲ್ಲಾಡಿಯಂ ಎಂದು ಹೆಸರಿಟ್ಟನು. ಆದರೆ ಪ್ಲಾಟಿನಂ ಉದ್ಯಮದ ಗುಟ್ಟು ಇತರರಿಗೆ ತಿಳಿಯುವುದು ಅವನಿಗೆ ಬೇಡವಾಗಿತ್ತು. ಆದುದರಿಂದ 1803ರ ಏಪ್ರಿಲ್‌ನಲ್ಲಿ, ಶೋಧಕನ ಹೆಸರಿಲ್ಲದ ಕರಪತ್ರವೊಂದರೊಡನೆ, ಲೋಹವನ್ನು ಲಂಡನ್ನಿನ ಅಂಗಡಿಯೊಂದರಲ್ಲಿ ಮಾರಾಟಕ್ಕೆ ಇರಿಸಿದನು.

ರಿಚರ್ಡ್ ಚೆನೆವಿಕ್ಸ್ ಎಂಬ ಐರಿಷ್ ರಸಾಯನಶಾಸ್ತ್ರಜ್ಞನಿಗೆ ಇದು ಮೋಸವೆಂದು ತೋರಿತು. ಅವನು ಅಂಗಡಿಯಲ್ಲಿದ್ದ ಲೋಹವನ್ನೆಲ್ಲ ಕೊಂಡು ಪರೀಕ್ಷಿಸಿ, ಅದು ಧಾತುವಲ್ಲ, ಪ್ಲಾಟಿನಂ ಮತ್ತು ಪಾದರಸಗಳ ಮಿಶ್ರಲೋಹವೆಂದು ರಾಯಲ್ ಸೊಸೈಟಿಯ ಮುಂದೆ ಸಾರಿದನು. ವೊಲಾಸ್ಟನ್ ಆಗಲೂ ಮೌನ ಮುರಿಯಲಿಲ್ಲ. ಪಲ್ಲಾಡಿಯಂ ಅನ್ನು ಕೃತಕವಾಗಿ ತಯಾರಿಸಿ ತೋರಿಸುವವರಿಗೆ 20 ಪೌಂಡುಗಳ ಬಹುಮಾನವನ್ನು ಹೆಸರು ಮರೆಸಿಯೇ ಘೋಷಿಸಿದನು. ಅದನ್ನು ಗೆಲ್ಲಲು ಯಾರಿಂದಲೂ ಆಗಲಿಲ್ಲ. 1804ರಲ್ಲಿ ರೋಡಿಯಂ ಎಂಬ ಮತ್ತೊಂದು ಲೋಹದ ಶೋಧವನ್ನು ಪ್ರಕಟಿಸಿದ ವೊಲಾಸ್ಟನ್, 1805ರಲ್ಲಿ ಪಲ್ಲಾಡಿಯಂನ ಶೋಧಕನೂ ತಾನೇ ಎಂದು ಒಪ್ಪಿಕೊಂಡನು. ಸತ್ಯವು ಹೊರಬಂದಿತು, ಆದರೆ ಅಷ್ಟರಲ್ಲಿ ಚೆನೆವಿಕ್ಸನ ತಪ್ಪು ವಿದ್ವಾಂಸರ ನಡುವೆ ಬಯಲಾಗಿತ್ತು. ಒಂದು ಮಾತಿನಿಂದ ತೀರಬಹುದಾಗಿದ್ದ ವಿವಾದವನ್ನು ಎರಡು ವರ್ಷ ಬೆಳೆಯಗೊಟ್ಟುದು ವೊಲಾಸ್ಟನ್ನನ ನಡತೆಯಲ್ಲಿನ ಒಂದು ಕೊರತೆಯೆಂದೇ ಹೇಳಬೇಕು.

ಪ್ಲಾಟಿನಂ ಪುಡಿಯನ್ನು ಒತ್ತಿ, ಕಾಯಿಸಿ, ಬಡಿದು ಹದಗೊಳಿಸುವ ವಿಧಾನವನ್ನು ಸಹ ಅವನು ಬಹುಕಾಲ ಗುಟ್ಟಾಗಿರಿಸಿ ಧನವನ್ನು ಗಳಿಸಿದನು. ಆದರೆ ಕೊನೆಗಾಲದಲ್ಲಿ ಅವನ ಮನಸ್ಸು ಬದಲಾಯಿತು. ಕಾಯಿಲೆಯಿಂದ ಬಳಲುತ್ತಿದ್ದರೂ ತನ್ನ ವಿಧಾನವನ್ನು ಬರೆಯಿಸಿ 1828ರ ನವೆಂಬರ್‌ನಲ್ಲಿ ರಾಯಲ್ ಸೊಸೈಟಿಗೆ ಒಪ್ಪಿಸಿದನು. ಮರುತಿಂಗಳು, ಡಿಸೆಂಬರ್ 22ರಂದು, ನಿಧನನಾದನು.

ಅಂದು ಕೊಳ್ಳುವವರೇ ವಿರಳವಾಗಿದ್ದ ಲೋಹವು ಇಂದು ಎಲ್ಲೆಡೆ ಹರಡಿದೆ. ಬೆಂಗಳೂರಿನ ಹೊರವಲಯದ ಹೆಬ್ಬಗೋಡಿಯನ್ನು ಹಾದುಹೋಗುವ ಹೊಸೂರು ರಸ್ತೆಯ ಪೆಟ್ರೋಲ್ ಕಾರುಗಳಲ್ಲಿಯೂ ಹೊಗೆಯ ವಿಷಾನಿಲಗಳನ್ನು ತಗ್ಗಿಸುವ ಕ್ರಿಯಾವರ್ಧಕವಾಗಿ ಅದು ಬಳಕೆಯಲ್ಲಿದೆ. ಎರಡು ಪಲ್ಲಾಡಿಯಂ ಪರಮಾಣುಗಳುಳ್ಳ ಸಂಕೀರ್ಣ ಸಂಯುಕ್ತಗಳನ್ನು ರಸಾಯನಶಾಸ್ತ್ರಜ್ಞರು ದ್ರಾವಣದಲ್ಲಿ ಕರಗಿಸಿ ವಿದ್ಯುದಗ್ರಗಳ ನೆರವಿನಿಂದ ಪರೀಕ್ಷಿಸುತ್ತಾರೆ. ಎರಡು ಪರಮಾಣುಗಳೂ ಒಮ್ಮೆಗೇ ಎಲೆಕ್ಟ್ರಾನುಗಳನ್ನು ಬಿಟ್ಟುಕೊಡುವವೇ, ಇಲ್ಲವೆ ಒಂದಾದ ಮೇಲೊಂದೇ ಎಂಬುದನ್ನು ಅಳೆದು, ಅವು ಪರಸ್ಪರ ಬೀರುವ ಪ್ರಭಾವವನ್ನು ಅರಿಯುತ್ತಾರೆ. ವಿದ್ಯುತ್ತನ್ನೂ ಪಲ್ಲಾಡಿಯಂ ಅನ್ನೂ ಬೇರೆಬೇರೆಯಾಗಿ ಅಭ್ಯಸಿಸಿದ ವೊಲಾಸ್ಟನ್ನನ ಎರಡು ಹಾದಿಗಳು ಇಲ್ಲಿ ಒಂದಾಗಿವೆ.

ಬಚ್ಚಿಟ್ಟ ವಿದ್ಯೆ ಅವನಿಗೆ ಐಶ್ವರ್ಯವನ್ನು ತಂದಿತು. ಬಿಚ್ಚಿಟ್ಟ ವಿದ್ಯೆ ಲೋಕಕ್ಕೆ ಉಪಕಾರವನ್ನು ಮಾಡಿತು.